ಚಾರ್ಜರಿಗೆ ಹಚ್ಚಿದ ವಿಭೂತಿ

ಆಯುಧಪೂಜೆಯ ಮಾರನೆಯ ಬೆಳಿಗ್ಗೆ ರುದ್ರಮ್ಮ ಹೋಳಿಗೆಗೆಂದು ಬೇಳೆ ಬೇಯಲಿಟ್ಟು ಕಣಕ ನಾದುತ್ತಿದ್ದಾಗ ನಡುಮನೆಯಿಂದ ಸೊಸೆಯ ಕೂಗು ಕೇಳಿಸಿತು.

"ಅತ್ತೆ, ಈ ಚಾರ್ಜರ್‌ಗೆ ವಿಭೂತಿ ಹಚ್ಚಿದ್ದು ಯಾರು?"

ಕೇಳುವ ಅಗತ್ಯವೇನೂ ಇರಲಿಲ್ಲ. ತೊರೆನೂರಿನ ಆ ಮನೆಯಲ್ಲಿ ಆಯುಧಪೂಜೆಯ ವಿಭೂತಿ ಬಟ್ಟಲು ರುದ್ರಮ್ಮನ ಕೈ ಬಿಟ್ಟು ಬೇರೆ ಕೈಗೆ ಹೋದದ್ದೇ ಇಲ್ಲ. ಕುಡುಗೋಲು, ಗುದ್ದಲಿ, ಶುಂಠಿಗೆ ಔಷಧಿ ಹೊಡೆಯುವ ಪಂಪು, ಗಂಡ ಕಲ್ಲೇಶಪ್ಪನ ಹಳೇ ಜೀಪು, ಮಗ ಕೀರ್ತಿಕುಮಾರನ ಬೈಕು, ಮಿಕ್ಸಿ, ಗ್ರೈಂಡರು ಎಲ್ಲಕ್ಕೂ ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಲ್ಲಿ ಎಳೆದು, ಮೇಲೊಂದು ಕುಂಕುಮದ ಬೊಟ್ಟಿಟ್ಟು, ಹೂವು ಸಿಕ್ಕಿಸಿದರೇ ಅವಳಿಗೆ ಸಮಾಧಾನ. ಈ ಸಲ ಮೊಮ್ಮಗಳು ವಿನುತಾ, "ಅಜ್ಜಿ, ಅಮ್ಮನ ಲ್ಯಾಪ್‌ಟಾಪ್ ಬಿಟ್ಟೆ" ಎಂದಿದ್ದಳು. ಸುಧಾ ಆಗ ಅದರ ಮುಂದೆ ಕೂತು ಕೆಲಸ ಮಾಡುತ್ತಿದ್ದಳು. ಕೆಲಸದಲ್ಲಿದ್ದವರನ್ನು ಎಬ್ಬಿಸುವುದು ಬೇಡವೆಂದು ರುದ್ರಮ್ಮ ನೆಲದ ಮೇಲಿದ್ದ ಕರೀ ಡಬ್ಬಿಗೆ ಹಚ್ಚಿದಳು. ಕರೆಂಟು ಕೊಡುವುದು ಅದೇ ತಾನೇ, ಮೂಲಕ್ಕೆ ಪೂಜೆ ಮಾಡಿದರೆ ಮೇಲಿನದಕ್ಕೂ ಸಲ್ಲುತ್ತದೆ ಎಂಬುದು ಅವಳ ಲೆಕ್ಕ. ಮಕ್ಕಳ ಹಣೆಗೆ ಹಚ್ಚುವಷ್ಟೇ ಧಾರಾಳವಾಗಿ ಹಚ್ಚಿದಳು. ಒಂದೆರಡು ಹನಿ ನೀರು ಕೆಳಗೂ ಇಳಿದಿತ್ತು.

"ನಾನೇ ಕಣವ್ವ. ಯಾಕೆ?"

"ಯಾಕೆ ಅಂದ್ರೆ? ಸತ್ತು ಹೋಗಿದೆ. ಲೈಟೇ ಹತ್ತುತ್ತಿಲ್ಲ."

ರುದ್ರಮ್ಮ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಕರೀ ಡಬ್ಬಿಯ ಮೇಲಿನ ಮೂರು ಪಟ್ಟೆ ಒಣಗಿ ಬೆಳ್ಳಗೆ ಎದ್ದು ಕಾಣುತ್ತಿತ್ತು. ಅದರ ಪಕ್ಕದಲ್ಲಿ ಹತ್ತಬೇಕಾಗಿದ್ದ ಸಣ್ಣ ಹಸಿರು ದೀಪ ಹತ್ತಿರಲಿಲ್ಲ.

ಕೀರ್ತಿಕುಮಾರನಿಗೆ ಕುಶಾಲನಗರದಲ್ಲಿ ಪೈಪು, ಮೋಟಾರಿನ ಅಂಗಡಿ. ಹಾಗಾಗಿ ಕರೆಂಟಿನ ವಿಷಯದಲ್ಲಿ ಅವನಿಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ, ಕಡೇಪಕ್ಷ ಅವನ ಅಭಿಪ್ರಾಯದಲ್ಲಿ. ಟೆಸ್ಟರ್ ತಂದು ಗೋಡೆಯ ಪ್ಲಗ್ಗಿಗೆ ಚುಚ್ಚಿದ. ದೀಪ ಹತ್ತಿತು. ಅದೇ ಪ್ಲಗ್ಗಿಗೆ ಮಿಕ್ಸಿ ಹಾಕಿ ಗುರ್ರೆನಿಸಿದ. ಚಾರ್ಜರನ್ನು ಅಡುಗೆಮನೆಗೆ ಒಯ್ದು ಅಲ್ಲಿ ಹಾಕಿದ, ದೇವರಮನೆ ಪಕ್ಕದಲ್ಲಿ ಹಾಕಿದ, ಜಗಲಿಯಲ್ಲಿ ಹಾಕಿದ. ಮೇನ್ ಆಫ್ ಮಾಡಿ ಆನ್ ಮಾಡಿದ. ಕೊನೆಗೆ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಡಾಕ್ಟರು ಹೇಳುವಂತೆ ಹೇಳಿದ.

"ಪ್ಲಗ್ಗು ಸರಿಯಾಗೈತೆ, ವೈರಿಂಗ್ ಸರಿಯಾಗೈತೆ. ಒಳಗೆ ನೀರು ಹೋಗೈತೆ. ಅವ್ವನ ವಿಭೂತಿ ನೀರು."

"ಎರಡು ಹನಿ ಕಣೋ!"

"ಕರೆಂಟಿಗೆ ಎರಡು ಹನಿ ಸಾಕು ಅವ್ವ."

ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ ಕಲ್ಲೇಶಪ್ಪ ಅಲ್ಲಿಂದಲೇ ನಕ್ಕ. "ನಾನ್ ಮೊದ್ಲೇ ಹೇಳ್ಲಿಲ್ವಾ? ಮನೇಲಿ ಕೂತು ಮಾಡೋ ಕೆಲ್ಸ ಅಂತೆ, ಕೆಲ್ಸ. ಈಗ ನೋಡು, ದೇವ್ರೇ ಬೇಡ ಅಂದ."

ಈ ಮಾತು ಸೊಸೆಗಿಂತ ರುದ್ರಮ್ಮನಿಗೆ ಹೆಚ್ಚು ಚುಚ್ಚಿತು. ಏಕೆಂದರೆ ಈ ಕೆಲಸಕ್ಕಾಗಿ ಗಂಡನೊಡನೆ ಜಗಳವಾಡಿದವಳು ಅವಳೇ. ಮದುವೆಯ ಮಾತುಕತೆಯಲ್ಲಿ ಸುಧಾಳ ತಂದೆ ಶಿವಶಂಕರಪ್ಪನವರು, "ಹುಡುಗಿ ಬಿಎಸ್ಸಿ ಓದಿದ್ದಾಳೆ, ಮನೆಯಲ್ಲಿ ಕೂರಿಸಬೇಡಿ" ಎಂದಾಗ, "ಕೂರಿಸಲ್ಲ, ನನ್ ಮಾತು ನಂಬಿ" ಎಂದು ಎಲ್ಲರೆದುರು ಹೇಳಿದ್ದಳು. ಆಮೇಲೆ ಮಗುವಾಯಿತು, ಹಸು, ಶುಂಠಿ, ನೆಂಟರು ಎಂದು ಆ ಮಾತು ಹಾಗೇ ಉಳಿಯಿತು. ಮಗಳು ಹೈಸ್ಕೂಲು ಮೆಟ್ಟಿಲು ಹತ್ತುವ ಹೊತ್ತಿಗೆ ಸುಧಾಳೇ ಬೆಂಗಳೂರಿನ ಒಂದು ಸಂಸ್ಥೆಯ ಕೆಲಸ ಹುಡುಕಿಕೊಂಡಳು. ಪಾಠದ ವಿಡಿಯೋಗಳಿಗೆ ಕನ್ನಡದಲ್ಲಿ ಟೈಪ್ ಮಾಡುವುದು. ಅವಳು ವಿವರವಾಗಿಯೇ ಹೇಳಿದ್ದಳು. ರುದ್ರಮ್ಮನ ತಲೆಗೆ ಹೋಗಿದ್ದು ಅಷ್ಟೇ. ಕಲ್ಲೇಶಪ್ಪ, "ಬಿಸಿ ರೊಟ್ಟಿ ಯಾರು ಬಡಿಸ್ತಾರೆ?" ಎಂದು ಗೊಣಗಿದಾಗ, "ನಾನ್ ಬಡಿಸ್ತೀನಿ, ಸತ್ತಿಲ್ಲ ಇನ್ನೂ" ಎಂದು ಬೆಳಗಿನ ಅಡುಗೆಯನ್ನೆಲ್ಲ ತನ್ನ ಮೇಲೆ ಹಾಕಿಕೊಂಡಿದ್ದಳು.

ಆ ಕೆಲಸ ಇನ್ನೂ ಗಟ್ಟಿಯಾಗಿರಲಿಲ್ಲ. ಕೊಟ್ಟ ಪಾಠಗಳನ್ನು ದೀಪಾವಳಿಯೊಳಗೆ ಮುಗಿಸಿ ಕಳಿಸಿದರೆ ಖಾಯಂ. ಕಳಿಸದಿದ್ದರೆ ಬೇರೆಯವರಿಗೆ. ಇನ್ನೂ ಅರ್ಧದಷ್ಟು ಪಾಠ ಬಾಕಿ ಇತ್ತು, ಲ್ಯಾಪ್‌ಟಾಪಿನಲ್ಲಿ ಉಳಿದಿದ್ದ ಚಾರ್ಜು ಆ ಮಧ್ಯಾಹ್ನಕ್ಕೇ ಮುಗಿಯಿತು. ಹೋಳಿಗೆಗೆ ತುಪ್ಪ ಹಾಕಲು ಹೋದ ಅತ್ತೆಯ ಕೈಯನ್ನು ತಡೆದು ಸುಧಾ ತಣ್ಣಗೆ ಹೇಳಿದಳು.

"ಅತ್ತೆ, ಇನ್ಮೇಲೆ ದಯವಿಟ್ಟು ನನ್ನ ಸಾಮಾನು ಮುಟ್ಟಬೇಡಿ."

ಎಲೆಯ ಮುಂದೆ ಕೂತವರೆಲ್ಲ ತಲೆ ತಗ್ಗಿಸಿ ಉಂಡರು. ರುದ್ರಮ್ಮ ತುಪ್ಪದ ಬಟ್ಟಲನ್ನು ಸೊಸೆಯ ಪಕ್ಕದಲ್ಲಿಟ್ಟು ಒಳಗೆ ಹೋದಳು.

ಮರುದಿನದಿಂದ ಮನೆಯಲ್ಲಿ ಚಾರ್ಜರಿನದೇ ಧ್ಯಾನ. ಎರಡು ಮನೆ ಆಚೆಗಿದ್ದ ನಿರಂಜನ್ ಮೇಷ್ಟ್ರ ಬಳಿ ಲ್ಯಾಪ್‌ಟಾಪ್ ಇದೆಯೆಂದು ವಿನುತಾ ಓಡಿಹೋಗಿ ಅವರ ಚಾರ್ಜರ್ ತಂದಳು. ಪಿನ್ನು ದಪ್ಪ, ತೂತು ಸಣ್ಣ. ಬಿಟ್ಟಂಗಾಲದಲ್ಲಿದ್ದ ಸುಧಾಳ ಗೆಳತಿಯದು ಇದೇ ಕಂಪನಿಯದೆಂದು ಫೋನ್ ಮಾಡಿದರೆ, ಅವಳದು ಬೇರೆ ಮಾಡೆಲ್ಲು. ಕೀರ್ತಿಕುಮಾರ ಚಾರ್ಜರನ್ನು ಒಂದು ದಿನವಿಡೀ ಬಿಸಿಲಿಗಿಟ್ಟ. ರುದ್ರಮ್ಮ ಯಾರೂ ಹೇಳದೆಯೇ ಅದರ ಪಕ್ಕದಲ್ಲಿ ಕಾಗೆ ಕಾಯುತ್ತ ಕೂತಳು. ಒಣಗಿದರೆ ಸರಿಹೋದೀತೆಂದು ಸಂಜೆ ಹಾಕಿ ನೋಡಿದರೆ ಲೈಟು ಇಲ್ಲ. ಅಕ್ಕಿ ಡಬ್ಬದಲ್ಲಿ ಹೂತಿಟ್ಟರೆ ತೇವ ಎಳೆಯುತ್ತದೆಂದು ಯಾರೋ ಹೇಳಿದರೆಂದು ಅದನ್ನೂ ಮಾಡಿದರು. ಮಾರನೆಯ ದಿನ ಅದೇ ಡಬ್ಬದ ಅಕ್ಕಿಯಿಂದ ಮಾಡಿದ ಅನ್ನವನ್ನು ಕಲ್ಲೇಶಪ್ಪ ಮೂಸಿ ನೋಡಿ, "ಕರೆಂಟು ಹೊಡಿಯಲ್ವಾ?" ಎಂದ. ಯಾರೂ ನಗಲಿಲ್ಲ.

ಲ್ಯಾಪ್‌ಟಾಪು ಕೊಂಡಿದ್ದು ಕುಶಾಲನಗರದ ಪ್ರಸಾದ್ ಎಂಬುವವನ ಅಂಗಡಿಯಲ್ಲಿ. ಕೀರ್ತಿಕುಮಾರ ಅಲ್ಲಿಗೆ ಒಯ್ದ. ಪ್ರಸಾದ್ ವಿಭೂತಿ ಪಟ್ಟೆ ನೋಡಿದವನೇ ಕೈ ಎತ್ತಿದ. "ಅಣ್ಣಾ, ವಾರಂಟಿ ಇದೆ. ಆದ್ರೆ ನೀರು ಬಿದ್ದಿದ್ದು ಅಂತ ಗೊತ್ತಾದ್ರೆ ಕಂಪನಿಯವರು ತಗೊಳ್ಳಲ್ಲ. ಹೊಸ ಒರಿಜಿನಲ್ ಬೇಕಂದ್ರೆ ಆರ್ಡರ್ ಹಾಕಬೇಕು, ಹಬ್ಬದ ರಜಾ ಬೇರೆ, ಯಾವಾಗ ಬರುತ್ತೋ. ಸದ್ಯಕ್ಕೆ ಇದು ತಗೊಂಡು ಹೋಗಿ" ಎಂದು ಒಂದು ಡೂಪ್ಲಿಕೇಟ್ ಕೊಟ್ಟು ಕಳಿಸಿದ.

ಡೂಪ್ಲಿಕೇಟ್ ಬಂದ ಸಂಜೆ ಸುಧಾಳ ಮುಖದಲ್ಲಿ ಸ್ವಲ್ಪ ಜೀವ ಬಂತು. ಅತ್ತೆಯೊಡನೆ ಮಾತಿಲ್ಲದಿದ್ದರೂ ಕಾಫಿ ಲೋಟ ಕೈಗೆ ಕೊಟ್ಟಳು. ಎರಡು ದಿನ ಕೆಲಸ ನಡೆಯಿತು, ನಡೆಯಿತು ಅಂದರೆ ಕುಂಟಿತು. ಒಂದು ಅಕ್ಷರ ಒತ್ತಿದರೆ ನಾಲ್ಕು ಬೀಳುತ್ತಿತ್ತು, ಬಾಣದ ಗುರುತು ತನ್ನಷ್ಟಕ್ಕೆ ತಾನೇ ಪರದೆಯ ತುಂಬ ಕುಣಿಯುತ್ತಿತ್ತು. ಮೂರನೆಯ ದಿನ ಮಧ್ಯಾಹ್ನ ಸುಧಾ ಹಸುವಿಗೆ ಹುಲ್ಲು ಹಾಕಲು ಹೋಗಿದ್ದಾಗ ನಡುಮನೆಯಲ್ಲಿ ಸುಟ್ಟ ರಬ್ಬರಿನ ವಾಸನೆ ಎದ್ದಿತು. ಒಲೆಯ ಮುಂದಿದ್ದ ರುದ್ರಮ್ಮ ಬಂದು ನೋಡಿದರೆ ಡೂಪ್ಲಿಕೇಟ್ ಡಬ್ಬಿಯಿಂದ ತೆಳ್ಳನೆ ಹೊಗೆ.

ಮುಟ್ಟಬೇಡಿ ಎಂದ ಮಾತು ನೆನಪಾಗಿ ಅವಳು ಒಂದು ಗಳಿಗೆ ನಿಂತೇ ಬಿಟ್ಟಳು. ಆಮೇಲೆ, "ಆದದ್ದಾಗಲಿ" ಎಂದು ಸ್ವಿಚ್ಚು ಆರಿಸಿ, ಸೀರೆ ಸೆರಗಲ್ಲಿ ಹಿಡಿದು ವೈರನ್ನು ಕಿತ್ತು ಅಂಗಳಕ್ಕೆ ಎಸೆದಳು.

ಓಡಿಬಂದ ಸುಧಾ ಅಂಗಳದಲ್ಲಿ ಬಿದ್ದ ಡಬ್ಬಿ ನೋಡಿದಳು, ಅತ್ತೆಯ ಮುಖ ನೋಡಿದಳು.

"ಮುಟ್ಟಬೇಡ ಅಂದಿದ್ದೆ ನೀನು. ಆದ್ರೂ ಮುಟ್ದೆ" ಎಂದಳು ರುದ್ರಮ್ಮ. "ಮುಟ್ಟದೆ ಹೋಗಿದ್ರೆ ನಿನ್ ಲ್ಯಾಪ್‌ಟಾಪೂ ಇರ್ತಿರ್ಲಿಲ್ಲ, ಮೇಜೂ ಇರ್ತಿರ್ಲಿಲ್ಲ."

ಸುಧಾ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟಳು. ಗಟ್ಟಿಯಾಗಿ ಅಳುವ ಹೆಣ್ಣಲ್ಲ ಅವಳು. ಎರಡು ಹನಿ ನೀರಿನಿಂದ ಒಂದು ಮನೆಯ ನೆಮ್ಮದಿ ಹೋಗುತ್ತದೆಂದು ಗೊತ್ತಿದ್ದರೆ ಆ ಬಟ್ಟಲನ್ನೇ ಮುಟ್ಟುತ್ತಿರಲಿಲ್ಲ ಎನ್ನಿಸಿತು ರುದ್ರಮ್ಮನಿಗೆ.

ಸಂಜೆ ಬೆಂಗಳೂರಿನ ಸಂಸ್ಥೆಯವರ ಫೋನೂ ಬಂತು. ದೀಪಾವಳಿಯವರೆಗೆ ಕಾಯುತ್ತೇವೆ, ಅದರಾಚೆ ಆಗುವುದಿಲ್ಲ ಎಂದರಂತೆ. ರೊಟ್ಟಿ ಮುರಿಯುತ್ತ ಕೀರ್ತಿಕುಮಾರ ತೀರ್ಮಾನ ಹೇಳಿದ.

"ಮೈಸೂರಲ್ಲಿ ಕಂಪನಿಯ ಸರ್ವಿಸ್ ಸೆಂಟರ್ ಐತೆ. ನೇರವಾಗಿ ಅಲ್ಲಿಗೇ ಹೋಗೋದು. ನಂಗೆ ನಾಳೆ ಪೈಪಿನ ಲೋಡು ಬರ್ತದೆ, ಅಂಗಡಿ ಬಿಡಕ್ಕಾಗಲ್ಲ. ಸುಧಾ, ನೀನೇ ಹೋಗು."

"ಒಬ್ಬಳೇನಾ?" ಎಂದ ಕಲ್ಲೇಶಪ್ಪ.

"ನಾನೂ ಹೋಗ್ತೀನಿ" ಎಂದಳು ರುದ್ರಮ್ಮ.

"ನೀನ್ ಯಾಕೆ? ಮಧ್ಯಾಹ್ನದ ಅಡುಗೆ?"

"ಬೆಳಿಗ್ಗೇನೇ ಮಾಡಿಟ್ಟು ಹೋಗ್ತೀನಿ. ಒಂದ್ ದಿನ ಆರಿದ ಸಾರು ಉಂಡ್ರೆ ಯಾರೂ ಸಾಯಲ್ಲ."

ಊಟವಾದ ಮೇಲೆ ಕೀರ್ತಿಕುಮಾರ ಚಾರ್ಜರನ್ನು ಜಗಲಿಗೆ ಒಯ್ದು, ಬಟ್ಟೆಗೆ ಸ್ವಲ್ಪ ಪೆಟ್ರೋಲು ಹಚ್ಚಿ ವಿಭೂತಿಯನ್ನೆಲ್ಲ ಉಜ್ಜಿ ಉಜ್ಜಿ ತೆಗೆದ. ಅಂಗಡಿಯಲ್ಲಿ ಹಳೇ ಮೋಟಾರು ಹೊಸದಾಗಿ ಕಾಣಿಸುವಂತೆ ಉಜ್ಜಿ ಅಭ್ಯಾಸವಿದ್ದ ಕೈ ಅದು. ಡಬ್ಬಿ ಥಳಥಳ ಎಂದಿತು.

"ನೋಡವ್ವ, ಅಲ್ಲಿ ನೀರು ಬಿದ್ದಿತ್ತಾ ಅಂತ ಕೇಳ್ತಾರೆ. ಇಲ್ಲ ಅನ್ನಬೇಕು. ನೀನಂತೂ ಬಾಯೇ ಬಿಡಬೇಡ."

"ಸುಳ್ಳು ಹೇಳೋದಾ?"

"ಸುಳ್ಳಲ್ಲ ಅವ್ವ. ಸುಮ್ಮನಿರೋದು. ಬಾಯಿ ಬಿಟ್ಟೆ ಅಂದ್ರೆ ಚಾರ್ಜರೂ ಇಲ್ಲ, ಸುಧಾನ ಕೆಲಸಾನೂ ಇಲ್ಲ, ತಿಳ್ಕೊ."

ಮರುದಿನ ಅತ್ತೆ ಸೊಸೆ ಕುಶಾಲನಗರದಲ್ಲಿ ಮೈಸೂರು ಬಸ್ಸು ಹತ್ತಿದರು. ಹುಣಸೂರು ದಾಟುವವರೆಗೂ ಇಬ್ಬರ ನಡುವೆ ಇದ್ದದ್ದು ಚಾರ್ಜರಿನ ಚೀಲ ಮಾತ್ರ. ಸುಧಾ ಕಿಟಕಿಯಾಚೆ ನೋಡುತ್ತಿದ್ದಳು, ರುದ್ರಮ್ಮ ಎದುರಿನ ಸೀಟಿನ ಕಂಬಿ ನೋಡುತ್ತಿದ್ದಳು. ಒಮ್ಮೆ ಬಸ್ಸು ಗಕ್ಕನೆ ನಿಂತಾಗ ಇಬ್ಬರೂ ಒಟ್ಟಿಗೇ ಚೀಲಕ್ಕೆ ಕೈ ಹಾಕಿದರು. ರುದ್ರಮ್ಮ ತಟಕ್ಕನೆ ಕೈ ಹಿಂದಕ್ಕೆ ಎಳೆದುಕೊಂಡಳು.

"ಹಿಡ್ಕೊಳ್ಳಿ ಅತ್ತೆ, ಪರವಾಗಿಲ್ಲ" ಎಂದಳು ಸುಧಾ, ಮುಖ ತಿರುಗಿಸದೆ.

ಸರ್ವಿಸ್ ಸೆಂಟರು ಎರಡನೇ ಮಹಡಿಯಲ್ಲಿತ್ತು. ಒಳಗೆ ತಣ್ಣಗೆ, ಗಾಜಿನ ಬಾಗಿಲು, ಸಾಲು ಕುರ್ಚಿ. ಕೌಂಟರಿನಲ್ಲಿದ್ದ ಹುಡುಗಿ ವಿನುತಾಳಿಗಿಂತ ಏಳೆಂಟು ವರ್ಷಕ್ಕೆ ದೊಡ್ಡವಳಿರಬೇಕು, ಕೊರಳಲ್ಲಿ ಗುರುತಿನ ಚೀಟಿ ನೇತಾಡುತ್ತಿತ್ತು. ಚಾರ್ಜರನ್ನು ತಿರುಗಿಸಿ, ಹಿಂದಿದ್ದ ನಂಬರನ್ನು ಕಂಪ್ಯೂಟರಿಗೆ ಹಾಕಿ, ಸುಧಾಳ ಫೋನಿನಲ್ಲಿದ್ದ ಬಿಲ್ಲು ನೋಡಿದಳು.

"ವಾರಂಟಿ ಇದೆ ಮೇಡಂ. ನೀರು, ಕಾಫಿ, ಟೀ ಏನಾದ್ರೂ ಬಿದ್ದಿತ್ತಾ?"

"ಇಲ್ಲ" ಎಂದಳು ಸುಧಾ. ಅವಳ ದನಿ ಸಣ್ಣದಾಗಿತ್ತು.

"ಏನೂ ಇಲ್ವಾ?"

"ಇಲ್ಲ."

ರುದ್ರಮ್ಮನಿಗೆ ಆ ತಣ್ಣನೆಯ ಕೋಣೆಯಲ್ಲೂ ಬೆವರು ಬಂತು. ಬೆಳಿಗ್ಗೆ ಸ್ನಾನ ಮಾಡಿ, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡಿ, ಹಣೆಗೆ ಅದೇ ವಿಭೂತಿ ಧರಿಸಿ ಬಂದವಳು. ಈ ಹುಡುಗಿ ನೇರವಾಗಿ ಆ ಹಣೆಯನ್ನೇ ನೋಡುತ್ತಿದ್ದಾಳೆ ಎನ್ನಿಸಿತು. ಹುಡುಗಿ ನೋಡುತ್ತಿದ್ದದ್ದು ಕಂಪ್ಯೂಟರನ್ನು. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ ರುದ್ರಮ್ಮನ ಕೈ ತಾನಾಗಿ ಹಣೆಗೆ ಹೋಯಿತು. ಮಗನ ಎಚ್ಚರಿಕೆ, ಸೊಸೆಯ ಕೆಲಸ, ಶಿವಶಂಕರಪ್ಪನವರಿಗೆ ಕೊಟ್ಟ ಮಾತು ಎಲ್ಲ ಒಟ್ಟಿಗೆ ಎದೆಯಲ್ಲಿ ನೂಕಾಡಿದವು. ಎಷ್ಟು ತಡೆದರೂ ಬಾಯಿ ನಿಲ್ಲಲಿಲ್ಲ.

"ಬಿದ್ದಿತ್ತು ತಾಯಿ. ನಾನೇ ಹಾಕಿದ್ದು."

ಸುಧಾ ಗಕ್ಕನೆ ತಿರುಗಿದಳು. "ಅತ್ತೆ!"

"ಆಯುಧಪೂಜೆ ದಿನ ವಿಭೂತಿ ಕಲಸಿ ಹಚ್ಚಿದೆ. ನೀರು ಇಳೀತು. ಮಾರನೆ ದಿನ ಕೆಟ್ಟೋಯ್ತು. ಇವಳದ್ದೇನೂ ತಪ್ಪಿಲ್ಲ, ನಂದೇ. ಇವಳ ಕೆಲಸ ಹೋಯ್ತದೆ ಅಂತ ಹೇಳದೆ ಇದ್ಲು. ಕೊಡೋದಾದ್ರೆ ಕೊಡವ್ವ, ಇಲ್ಲಾಂದ್ರೆ ಹೊಸದು ಎಲ್ಲಿ ಬೇಗ ಸಿಗ್ತದೆ ಅಂತನಾದ್ರೂ ಹೇಳು."

ಹುಡುಗಿ ರುದ್ರಮ್ಮನನ್ನೂ ಸುಧಾಳನ್ನೂ ನೋಡಿ, ಚಾರ್ಜರ್ ಹಿಡಿದು ಒಳಗೆ ಹೋದಳು.

ಇಬ್ಬರೂ ಕುರ್ಚಿಯಲ್ಲಿ ಕೂತರು. ಸುಧಾಳ ಮುಖ ಸುಣ್ಣವಾಗಿತ್ತು.

"ಯಾಕೆ ಹೇಳಿದ್ರಿ ಅತ್ತೆ?"

"ಇದನ್ನ ಹಣೆ ಮೇಲೆ ಇಟ್ಕೊಂಡು ಹೆಂಗೆ ಸುಮ್ನೆ ಕೂರ್ಲಿ? ಬೈಯೋದಿದ್ರೆ ಬೈದುಬಿಡು. ಮನೆಗೆ ಹೋಗಿ ಬೈದ್ರೆ ನಿಮ್ಮಾವನೂ ಸೇರ್ಕೊಳ್ತಾರೆ, ಇಲ್ಲೇ ಬೈದುಬಿಡು."

ಸುಧಾ ಬೈಯಲಿಲ್ಲ. ಕೈಯಲ್ಲಿದ್ದ ಖಾಲಿ ಚೀಲವನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

ಹುಡುಗಿ ಹೊರಗೆ ಬಂದಾಗ ಅವಳ ಹಿಂದೆ ಕನ್ನಡಕದ ಒಬ್ಬ ಗಂಡಸೂ ಬಂದ. ಅವನು ಚಾರ್ಜರನ್ನು ಕೌಂಟರಿನ ಪ್ಲಗ್ಗಿಗೆ ಹಾಕಿ, ಡಬ್ಬಿಯಿಂದ ವೈರು ಹೊರಡುವ ಕುತ್ತಿಗೆಯ ಜಾಗವನ್ನು ಹೆಬ್ಬೆರಳಲ್ಲಿ ಒತ್ತಿ ಬಗ್ಗಿಸಿದ. ಹಸಿರು ದೀಪ ಫಕ್ಕನೆ ಹತ್ತಿತು. ಬಿಟ್ಟ, ಆರಿತು.

ರುದ್ರಮ್ಮ ಬಾಯಿ ತೆರೆದು ನೋಡಿದಳು. ಸತ್ತದ್ದು ಎದ್ದು ಕೂತು ಮತ್ತೆ ಮಲಗಿದ ಹಾಗಿತ್ತು.

"ನೀರು ಒಳಗೆ ಹೋಗಿಲ್ಲ" ಎಂದ ಅವನು. "ಡಬ್ಬಿ ಪೂರ್ತಿ ಸೀಲು. ಇಲ್ಲಿ ಒಳಗೆ ವೈರು ತುಂಡಾಗಿದೆ. ಈ ಸರಣಿಯ ಚಾರ್ಜರ್‌ಗಳಲ್ಲಿ ಇದೊಂದು ಕಂಪ್ಲೇಂಟ್ ಬರ್ತಾ ಇದೆ. ಒಂದೇ ಸಲ ತುಂಡಾಗಲ್ಲ ಇದು. ಮೇಡಂ, ಲೈಟು ಹತ್ತೋದು ಆರೋದು ಮೊದಲಿಂದ ಆಗ್ತಿತ್ತಾ?"

ಸುಧಾ ಚೀಲವನ್ನು ಇನ್ನೊಮ್ಮೆ ಮಡಿಸಿದಳು. ಅವನು ಮತ್ತೆ ಕೇಳಿದ.

"ಆಗ್ತಿತ್ತು" ಎಂದಳು ಸುಧಾ.

"ಯಾವಾಗಿಂದ?"

"ಹಬ್ಬಕ್ಕೆ ಮುಂಚೆಯಿಂದಾನೇ. ವೈರು ಅಲ್ಲಾಡಿಸಿದ್ರೆ ಸರಿಹೋಗ್ತಿತ್ತು." ನುಂಗಿಕೊಂಡು ಸೇರಿಸಿದಳು, "ವಿಭೂತಿ ಹಚ್ಚೋಕೆ ಮುಂಚೆಯಿಂದಾನೇ."

ಅವನಿಗೆ ಬೇಕಾಗಿದ್ದು ಅಷ್ಟೇ. ಹುಡುಗಿ ಏನೋ ಟೈಪ್ ಮಾಡಿದಳು, ಸುಧಾಳ ಫೋನಿಗೆ ಬಂದ ನಂಬರು ಕೇಳಿ ಬರೆದುಕೊಂಡಳು. ಒಳಗಿನಿಂದ ಹೊಸ ಚಾರ್ಜರು ಬಂತು, ಪೆಟ್ಟಿಗೆಯ ಸಮೇತ. ಪ್ಲಗ್ಗಿಗೆ ಹಾಕಿ ತೋರಿಸಿದಳು. ಬಗ್ಗಿಸಬೇಕಾಗಿರಲಿಲ್ಲ, ಒತ್ತಬೇಕಾಗಿರಲಿಲ್ಲ, ದೀಪ ತಾನಾಗಿ ಹತ್ತಿ ಹಾಗೇ ನಿಂತಿತು.

"ದುಡ್ಡು?" ಎಂದಳು ರುದ್ರಮ್ಮ.

"ಏನೂ ಕೊಡ್ಬೇಕಾಗಿಲ್ಲ ಅಜ್ಜಿ." ಹುಡುಗಿ ಹಳೆಯದನ್ನು ಎತ್ತಿಡುತ್ತ ನಕ್ಕಳು. "ಹೊರಗೆ ಸಂದೀಲಿ ಇನ್ನೂ ಸ್ವಲ್ಪ ಬೆಳ್ಳಗಿದೆ. ಯಾರೋ ಚೆನ್ನಾಗಿ ಉಜ್ಜಿದಾರೆ."

ಮೆಟ್ಟಿಲಿಳಿದು ಬೀದಿಗೆ ಬರುವವರೆಗೂ ರುದ್ರಮ್ಮ ತಡೆದುಕೊಂಡಿದ್ದಳು. ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕೂತು, ರೊಟ್ಟಿಯ ಡಬ್ಬಿ ಬಿಚ್ಚಿ ಮಧ್ಯದಲ್ಲಿಟ್ಟ ಮೇಲೆ ಶುರು ಮಾಡಿದಳು.

"ನಿಂಗೆ ಮೊದ್ಲೇ ಗೊತ್ತಿತ್ತು."

"ಹೂಂ ಅತ್ತೆ."

"ಗೊತ್ತಿದ್ದೂ ಎಲ್ಲರ ಮುಂದೆ ನನ್ ತಲೆಗೆ ಕಟ್ದೆ. ಎಲೆ ಮುಂದೆ ಕೂತಾಗ ನನ್ ಕೈ ತಡೆದೆ. ಬಿಸಿಲಲ್ಲಿ ಆ ದರಿದ್ರದ್ದಕ್ಕೆ ಕಾಗೆ ಕಾಯ್ತಾ ಕೂತಿದ್ನಲ್ಲ, ಆಗ್ಲಾದ್ರೂ ಹೇಳಬಾರ್ದಿತ್ತಾ?"

"ಹೇಳಬೇಕಿತ್ತು." ಸುಧಾಳ ಕಣ್ಣು ತುಂಬಿತು. "ಅದು ಆರಿ ಹತ್ತಿ ಆಗ್ತಿದ್ದಾಗಲೇ ಹೇಳಿದ್ರೆ ಮಾವ ಏನಂತಿದ್ರು? ತಂದು ವರ್ಷ ಆಗಿಲ್ಲ, ಆಗಲೇ ಕೆಡಿಸಿದ್ಲು, ಸಾಕು ಮುಚ್ಚಿಡು ಅಂತಿದ್ರು. ಹೇಗೋ ದೀಪಾವಳಿವರೆಗೆ ಎಳೆದರೆ ಸಾಕು ಅಂದ್ಕೊಂಡೆ. ಆಮೇಲೆ ಅದು ಪೂರ್ತಿ ನಿಂತೋದಾಗ, ಮೇಲೆ ವಿಭೂತಿ ಇತ್ತು. ಬಾಯಿಗೆ ಅದೇ ಬಂತು. ಒಂದು ಸಲ ಅಂದ ಮೇಲೆ ವಾಪಸ್ ತಗೊಳ್ಳೋದು ಹೇಗೆ ಅಂತ ಗೊತ್ತಾಗ್ಲಿಲ್ಲ."

ರುದ್ರಮ್ಮನಿಗೆ ಸಿಟ್ಟು ಬಂತು, ಚೆನ್ನಾಗಿಯೇ ಬಂತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹೇಳಿ ಸೊಸೆಯನ್ನು ಇನ್ನಷ್ಟು ಅಳಿಸಬಹುದಿತ್ತು. ಆದರೆ ಆ ಸಿಟ್ಟಿನ ಕೆಳಗೆ ಇನ್ನೊಂದು ಏನೋ ಹಗುರಾಗಿ ಮೇಲೇಳುತ್ತಿತ್ತು. ತನ್ನ ಕೈಯಿಂದ ಕೆಟ್ಟಿರಲಿಲ್ಲ. ಇಷ್ಟು ದಿನ ಪೂಜೆಗೆ ಕೂತಾಗಲೆಲ್ಲ ಬಟ್ಟಲು ಮುಟ್ಟಲು ಅಂಜುತ್ತಿದ್ದ ಕೈ ಇದು. ಎದೆಯ ಮೇಲಿಂದ ಬೀಸುಕಲ್ಲು ಇಳಿಸಿದ ಹಾಗಾಯಿತು ಅವಳಿಗೆ. ಸಿಟ್ಟು ನಾಳೆಗೂ ಇರುತ್ತದೆ, ಈ ಸಮಾಧಾನವನ್ನು ಈಗಲೇ ಅನುಭವಿಸಬೇಕು ಎನ್ನಿಸಿತು.

"ನಿಮ್ಮಾವನ್ನ ಕಂಡ್ರೆ ಅಷ್ಟು ಭಯಾನಾ ನಿಂಗೆ?"

"ನಿಮಗಿಲ್ವಾ?"

"ಇತ್ತು. ನಿನ್ ಕೆಲಸಕ್ಕೆ ಜಗಳ ಆಡಿದ್ನಲ್ಲ, ಅವತ್ತಿಂದ ಇಲ್ಲ." ರುದ್ರಮ್ಮ ಹುಚ್ಚೆಳ್ಳು ಚಟ್ನಿ ಹಚ್ಚಿದ ರೊಟ್ಟಿಯನ್ನು ಅವಳ ಕೈಗೆ ತುರುಕಿದಳು. "ತಿನ್ನು ಮೊದ್ಲು. ಅತ್ಕೊಂಡು ತಿಂದ್ರೆ ನೆತ್ತಿಗೆ ಹತ್ತುತ್ತದೆ."

ಸುಧಾಳಿಗೆ ನಗು ಬಂತು, ನಗುವಾಗಲೇ ನೆತ್ತಿಗೆ ಹತ್ತಿತು. ರುದ್ರಮ್ಮ ಅವಳ ತಲೆ ತಟ್ಟಿ ನೀರು ಕುಡಿಸಿದಳು. ವಾಪಸು ಬಸ್ಸಿನಲ್ಲಿ ಚಾರ್ಜರಿನ ಪೆಟ್ಟಿಗೆ ರುದ್ರಮ್ಮನ ಮಡಿಲಲ್ಲಿತ್ತು, ಸುಧಾ ಅವಳ ಹೆಗಲಿಗೊರಗಿ ಹುಣಸೂರಿನವರೆಗೂ ನಿದ್ದೆ ಮಾಡಿದಳು.

ಅಂದು ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದಾಗ ಕಲ್ಲೇಶಪ್ಪ ಹುರುಳಿಕಾಳಿನ ಬಸ್ಸಾರಿಗೆ ಮುದ್ದೆ ಅದ್ದುತ್ತ ಕೇಳಿದ.

"ಕೊನೆಗೆ ಏನಂದ್ರು? ನಮ್ಮೋಳ ವಿಭೂತೀದೇ ಕೆಲ್ಸ ತಾನೆ?"

ರುದ್ರಮ್ಮ ಸುಮ್ಮನೆ ಸಾರು ಬಡಿಸುತ್ತಿದ್ದಳು. ಅವಳೇನೂ ಹೇಳುವುದಿಲ್ಲ ಎಂದು ಖಾತ್ರಿಯಾದ ಮೇಲೆ ಸುಧಾ ಬಾಯಿ ತೆರೆದಳು.

"ಅಲ್ಲ ಮಾವ. ಅತ್ತೆಯಿಂದ ಏನೂ ಆಗಿರ್ಲಿಲ್ಲ. ವೈರು ಒಳಗೇ ತುಂಡಾಗಿತ್ತು. ಅದು ಹಬ್ಬಕ್ಕೆ ಮುಂಚೆಯಿಂದಾನೇ ಕೆಡ್ತಾ ಇತ್ತು, ನಂಗೆ ಗೊತ್ತಿತ್ತು. ನಾನು ಹೇಳದೆ ಅತ್ತೆ ಮೇಲೆ ಹಾಕಿದೆ. ತಪ್ಪು ನಂದು."

ಕಲ್ಲೇಶಪ್ಪ ಬಾಯಿ ತೆರೆಯುವ ಹೊತ್ತಿಗೆ ರುದ್ರಮ್ಮ ಅವನ ತಟ್ಟೆಗೆ ಸೌಟು ತುಂಬ ಸಾರು ಹಾಕಿದಳು.

"ಉಣ್ರಿ, ಆರ್ತೈತೆ. ಕರೆಂಟಿನ ಪಂಡಿತ ಇಲ್ಲೇ ಕೂತವ್ನೆ, ಕೇಳೋದಿದ್ರೆ ಅವನ್ನ ಕೇಳಿ. ಮೂರು ರೂಮಿನ ಪ್ಲಗ್ಗು ನೋಡ್ದ, ವೈರು ಬಗ್ಗಿಸಿ ನೋಡ್ಲಿಲ್ಲ."

"ಮೋಟಾರಿಗೆ ಅಂಥಾದ್ದೆಲ್ಲ ಇರಲ್ಲ ಅವ್ವ" ಎಂದು ಕೀರ್ತಿಕುಮಾರ ತಟ್ಟೆಗೆ ಹೇಳಿದ. ವಿನುತಾ ಕಿಸಕ್ಕೆಂದಳು. ಕಲ್ಲೇಶಪ್ಪನಿಗೂ ಮೀಸೆಯಡಿ ನಗು ತಡೆಯಲಾಗಲಿಲ್ಲ.

ಆಮೇಲಿನ ದಿನಗಳಲ್ಲಿ ಸುಧಾ ಕೂತಲ್ಲಿಂದ ಏಳಲಿಲ್ಲ. ಕಾಫಿ ಅಲ್ಲಿಗೇ ಹೋಯಿತು, ಕಡುಬು ಅಲ್ಲಿಗೇ ಹೋಯಿತು. ಹಸುವಿನ ಹುಲ್ಲು ವಿನುತಾಳ ಪಾಲಿಗೆ ಬಂತು, ಅಂಗಳ ಗುಡಿಸುವುದು ಯಾರೂ ನೋಡದ ಹೊತ್ತಿನಲ್ಲಿ ಕೀರ್ತಿಕುಮಾರನ ಪಾಲಿಗೆ. ದೀಪಾವಳಿಗೆ ನೀರು ತುಂಬುವ ಹಬ್ಬದ ಮುನ್ನಾದಿನ ಅವಳು ಕೊನೆಯ ಪಾಠ ಕಳಿಸಿ, ದಣಿದು ಚಾಪೆಯ ಮೇಲೆ ಉರುಳಿದಳು. ಹಬ್ಬ ಮುಗಿದ ಮಾರನೆಯ ದಿನ ಬೆಂಗಳೂರಿನಿಂದ ಫೋನ್ ಬಂತು. ಸುಧಾ ಅಂಗಳದ ತುದಿಗೆ ಹೋಗಿ ಮಾತಾಡಿದಳು. ರುದ್ರಮ್ಮ ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದಳು. ಸೊಸೆ ಅಲ್ಲಿಂದಲೇ ಕೈ ಎತ್ತಿ, ಚಿಕ್ಕ ಹುಡುಗಿಯ ಹಾಗೆ ಎರಡು ಸಲ ಕುಪ್ಪಳಿಸಿದಳು.

"ಖಾಯಂ ಆಯ್ತು ಅತ್ತೆ!"

ರುದ್ರಮ್ಮ ಮೊದಲು ಮಾಡಿದ ಕೆಲಸವೆಂದರೆ ಶಿವಶಂಕರಪ್ಪನವರಿಗೆ ಫೋನ್ ಮಾಡಿಸಿದ್ದು. "ಬೀಗರೇ, ತಡ ಆಯ್ತು, ಆದ್ರೂ ಮಾತು ಉಳಿಸ್ಕೊಂಡೆ" ಎಂದಳು. ಆ ಕಡೆ ಅವರು ಏನೆಂದರೋ, ಇವಳು ಸೆರಗಲ್ಲಿ ಕಣ್ಣೊರೆಸಿಕೊಂಡಳು.

ಅವತ್ತು ಸಂಜೆ ರುದ್ರಮ್ಮ ರೊಟ್ಟಿ ತಟ್ಟಿ ಮುಗಿಸುವ ಹೊತ್ತಿಗೆ ಸುಧಾ ಕರೆದಳು.

"ಅತ್ತೆ, ಸ್ವಲ್ಪ ಬನ್ನಿ ಇಲ್ಲಿ. ಕೂತ್ಕೊಳ್ಳಿ, ಇದನ್ನ ಓದಿ."

ಪರದೆಯ ಮೇಲೆ ಒಬ್ಬ ಟೀಚರು ಕುಂಡದಲ್ಲಿ ಬೀಜ ಹಾಕಿ ಏನೋ ಹೇಳುತ್ತಿದ್ದಳು. ತುಟಿ ಆಡುತ್ತಿತ್ತು, ಮಾತಿಲ್ಲ.

"ಸದ್ದೇ ಬರ್ತಿಲ್ವಲ್ಲ ಸುಧಾ, ಅದೂ ಕೆಟ್ಟೋಯ್ತಾ?"

"ಇಲ್ಲ, ನಾನೇ ನಿಲ್ಸಿದೀನಿ. ಇದು ಕಿವಿ ಕೇಳದ ಮಕ್ಕಳಿಗೆ ಅತ್ತೆ. ಅವರಿಗೆ ಟೀಚರ್ ಮಾತು ಕೇಳಿಸಲ್ಲ, ಕೆಳಗಡೆ ನಾನು ಬರೆದದ್ದೇ ಅವರಿಗೆ ಪಾಠ. ಅಕ್ಷರ ಸ್ವಲ್ಪ ಬೇಗ ಹೋಗ್ತಿದೆ, ಚಿಕ್ಕ ಮಕ್ಕಳಿಗೆ ಕಷ್ಟ ಆಗುತ್ತೆ ಅಂದ್ರು ಬೆಂಗಳೂರಿನವರು. ನನ್ ಕಣ್ಣಿಗೆ ಗೊತ್ತಾಗ್ತಿಲ್ಲ. ನೀವು ಓದಿ ನೋಡಿ."

ರುದ್ರಮ್ಮ ನಾಲ್ಕನೇ ಕ್ಲಾಸಿಗೆ ಬಿಟ್ಟವಳು. ಅಕ್ಷರಗಳನ್ನು ಬೆರಳಲ್ಲಿ ಹಿಡಿದು ಹೊರಟಳು. "ಬೀಜ... ಮೊಳೆ... ಯಲು... ನೀರು..." ಅಷ್ಟರಲ್ಲಿ ಸಾಲು ಮಾಯವಾಗಿ ಇನ್ನೊಂದು ಬಂತು. ಅವಳು ಬೆರಳೆತ್ತಿಕೊಂಡಳು. ಎಲ್ಲೋ ಒಂದು ಮಗು ಹೀಗೇ ಬೆರಳಿಟ್ಟು ಕೂತಿರುತ್ತದೆ, ಸಾಲು ಓಡಿಹೋದರೆ ಕೇಳಿ ತಿಳಿಯಲು ಅದಕ್ಕೆ ಟೀಚರ ದನಿಯೂ ಸಿಗುವುದಿಲ್ಲ ಎಂದುಕೊಂಡಳು.

"ಪಾಪ, ಚಾರ್ಜರ್ ಕೆಟ್ಟಿದ್ದಷ್ಟು ದಿನ ಆ ಮಕ್ಕಳಿಗೆ ಪಾಠ ಇರ್ಲಿಲ್ವಾ?"

"ಇರ್ಲಿಲ್ಲ ಅತ್ತೆ."

"ಇಷ್ಟು ದಿನ ನೀನು ಇದನ್ನ ಮಾಡ್ತಿದ್ಯಾ? ನಾನ್ ಏನೋ ಟೈಪಿಂಗ್ ಅಂದ್ಕೊಂಡಿದ್ದೆ." ರುದ್ರಮ್ಮ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಹಿಂದಕ್ಕೆ ಹಾಕು. ಈ ಸಾಲು ಓಡಿಹೋಯ್ತು, ಇನ್ನೂ ಸ್ವಲ್ಪ ಹೊತ್ತು ನಿಲ್ಸು. ನಾನ್ ಓದಿ ಮುಗ್ಸಿ ಹೂಂ ಅಂತೀನಿ, ಆಮೇಲೆ ಮುಂದಕ್ಕೆ ಬಿಡು."

ಸುಧಾ ಹಿಂದಕ್ಕೆ ಹಾಕಿದಳು. ರುದ್ರಮ್ಮ ಓದಿದಳು, ಹೂಂ ಎಂದಳು. ಮುಂದಿನ ಸಾಲು. ಹೂಂ. ಇನ್ನೊಂದು ಸಾಲಿಗೆ, "ಊಹೂಂ, ಇದು ಆಗ್ಲಿಲ್ಲ" ಎಂದಳು. ಸುಧಾ ಅದನ್ನು ಸರಿಮಾಡಿದಳು.

ಕಲ್ಲೇಶಪ್ಪ ಕೈಕಾಲು ತೊಳೆದು ಬಂದು ಮಣೆಯ ಮೇಲೆ ಕೂತಿದ್ದ. ತಟ್ಟೆ ಖಾಲಿ. ಒಂದು ಸಲ ಕೆಮ್ಮಿದ, ಎರಡು ಸಲ ಲೋಟ ಕುಟ್ಟಿದ. ಕೊನೆಗೆ ಕೂಗಿದ.

"ಯಾರೂ ಇಲ್ವೇನೇ ಈ ಮನೇಲಿ? ಬಡಿಸೋರು ಯಾರು?"

ರುದ್ರಮ್ಮ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ರೊಟ್ಟಿ ಒಲೆ ಪಕ್ಕ ಐತೆ, ಪಲ್ಯ ಮುಚ್ಚಿಟ್ಟಿದೀನಿ. ಬಡಿಸ್ಕೊಳ್ರಿ. ನಾವಿಬ್ರೂ ಕೆಲಸದಲ್ಲಿದೀವಿ."